ಗುತ್ತೆವ್ವನ ತೋಳಿನ ಕಲೆ

ಅಗಡಿಯ ಗುತ್ತೆವ್ವನ ನಾಲಿಗೆಗೆ ಓಣಿಯೇ ಹೆದರುತ್ತಿತ್ತು. ಸೊಸೆ ದ್ರಾಕ್ಷಾಯಿಣಿ ಮೊದಮೊದಲು ಹೆದರಿದಳು, ಆಮೇಲೆ ದ್ವೇಷಿಸತೊಡಗಿದಳು. ಗುತ್ತೆವ್ವ ಸಣ್ಣವಳಿದ್ದಾಗ ಸಿಡುಬಿನ ಲಸಿಕೆಯವನು ಬಂದದ್ದು ಕಂಡು ಕಾಳು ತುಂಬುವ ನೆಲಗುಂಡಿ, ಖಾಲಿ ಹಗೇವಿನೊಳಗೆ ಅಡಗಿದ್ದಳಂತೆ. ಅಪ್ಪ ಎಳೆದು ತಂದು ತೋಳು ಹಿಡಿದುಕೊಟ್ಟಾಗ ಲಸಿಕೆಯವನ ಕೈಯನ್ನು ರಕ್ತ ಬರುವಂತೆ ಕಚ್ಚಿದಳಂತೆ. ಈ ಪರಾಕ್ರಮವನ್ನು ಅವಳು ಹೇಳಿಕೊಳ್ಳದ ಮದುವೆಮನೆ ಇಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಸೊಸೆ ಹಿಂಡುವ ಎಮ್ಮೆಯ ಕೆಚ್ಚಲಿಗೆ ಗುಳ್ಳೆ ಎದ್ದವು. ಹಿಂದೆಯೇ ಸೊಸೆಯ ಬೆರಳುಗಳಿಗೂ ಎದ್ದವು. ಅತ್ತೆ ಹಿಂಡುವ ಹಳೆಯ ಎಮ್ಮೆಗೆ ಮಾತ್ರ ಏನೂ ಆಗಲಿಲ್ಲ. ಅಮ್ಮ ಬಂದಳೆಂದು ಬಾಗಿಲಿಗೆ ಬೇವು ಕಟ್ಟಿದರು, ಮನೆಯಲ್ಲಿ ಒಗ್ಗರಣೆ ನಿಂತಿತು. ಈಗ ಎರಡೂ ಎಮ್ಮೆಗಳನ್ನು ಗುತ್ತೆವ್ವನೇ ಹಿಂಡುತ್ತಿದ್ದಳು.

“ಮುಟ್ಟಾದಾಗ ಕೊಟ್ಟಿಗಿ ತುಳದಾಳ, ಅಮ್ಮ ಸಿಟ್ಟಾಗ್ಯಾಳ! ನನ್ನ ಕೈ ನೋಡ್ರಿ, ಒಂದರ ಗುಳ್ಳಿ ಐತೇನು?” ಎಂದು ಮನೆಮನೆಗೆ ಕೈ ತೋರಿಸಿ ಬಂದಳು. ಹಾಗೆಯೇ ಸೊಸೆಯ ತವರು ಕರ್ಜಗಿಗೂ ಹೇಳಿಕಳಿಸಿದಳು: ನಿಮ್ಮ ಹುಡುಗಿಯನ್ನು ಕರೆದೊಯ್ಯಿರಿ, ತಿರುಗಿ ಕಳಿಸಬೇಡಿರಿ. ಗಂಡ ಫಕ್ಕೀರೇಶ ತಾಯಿಯೆದುರು ಬಾಯಿ ಬಿಡುವ ಪೈಕಿ ಅಲ್ಲ. ಕಟ್ಟಿಕೊಂಡ ಮನೆ ಮಾಡದ ತಪ್ಪಿಗೆ ಕೈಬಿಟ್ಟುಹೋಗುತ್ತದಲ್ಲ ಎಂದು ದ್ರಾಕ್ಷಾಯಿಣಿ ಒಳಗೊಳಗೇ ಕುದಿದಳು.

ಅವಳ ಅಣ್ಣ ಯಲ್ಲೇಶ ಬಂದ. ಬರುವಾಗ ಹಾವೇರಿಯಿಂದ ದನದ ಡಾಕ್ಟರನ್ನು ಬೈಕಿನ ಮೇಲೆ ಕೂರಿಸಿಕೊಂಡೇ ಬಂದಿದ್ದ. ಡಾಕ್ಟರು ಎರಡೂ ಎಮ್ಮೆಗಳ ಕೆಚ್ಚಲು ನೋಡಿದರು.

“ಇದು ಎಮ್ಮಿ ಸಿಡುಬು. ಹಿಂಡವ್ರ ಕೈಗೂ ಹತ್ತತೈತಿ. ಹಳೇ ಎಮ್ಮಿ ಮೊಲಿ ಮ್ಯಾಲ ಗುಳ್ಳಿ ಮಾಯ್ದ ಕಲಿ ಅದಾವ, ಅದಕ್ಕ ಹಿಂದೊಮ್ಮಿ ಬಂದು ಹೋಗೈತಿ. ಅದರ ರಕ್ತದಾಗ ಕಾವಲು ಕುಂತೈತಿ, ಅದಕ್ಕ ಈಗ ಬಂದಿಲ್ಲ.”

“ನಾ ಈ ಮನಿಗೆ ಬಂದ ಮ್ಯಾಲ ಅದಕ್ಕ ಏನೂ ಬಂದಿಲ್ಲ. ಹಂಗಾರ ಆವಾಗ ಅದನ್ನ ಹಿಂಡತಿದ್ದವ್ರು ಯಾರ್ರಿ ಅತ್ತಿ?” ಎಂದಳು ದ್ರಾಕ್ಷಾಯಿಣಿ.

“ನಾನ ಹಿಂಡತಿದ್ದೆ! ಆಗೂ ನನ್ನ ಕೈಗೆ ಏನೂ ಆಗಲಿಲ್ಲ!” ಗುತ್ತೆವ್ವ ಸಿಡುಕಿದಳು.

“ಸಣ್ಣಾಕಿ ಇದ್ದಾಗ ನಿಮಗ ಸಿಡುಬಿನ ಲಸಿಕಿ ಹಾಕ್ಯಾರೇನು ಯವ್ವಾ?” ಎಂದರು ಡಾಕ್ಟರು. “ಮನಶ್ಯಾರ ಸಿಡುಬು, ಎಮ್ಮಿ ಸಿಡುಬು ಅಕ್ಕ-ತಂಗಿ ಇದ್ದಂಗ. ಆ ಲಸಿಕಿ ಇದನ್ನೂ ತಡೀತೈತಿ. ಈಗಿನವ್ರಿಗೆ ಅದನ್ನ ಹಾಕೂದು ಬಿಟ್ಟಾರ.”

ಗುತ್ತೆವ್ವನ ಕೈ ತಂತಾನೇ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಿತು. ದ್ರಾಕ್ಷಾಯಿಣಿ ಬಾತ ಬೆರಳುಗಳಿಂದಲೇ ಅದನ್ನು ಸರಿಸಿದಳು. ದುಂಡನೆಯ ಕಲೆ ಕಂಡಿತು.

“ನಿಮ್ಮ ಮಡಿ ನಿಮ್ಮನ್ನ ಕಾಯಲಿಲ್ರಿ ಅತ್ತಿ. ನೀವು ಕಚ್ಚಿದ್ರಲ್ಲ, ಆ ಮನಶ್ಯಾ ಕಾದಾನ.”

“ಬಾಯಿ ಮುಚ್ಚು. ಅಣ್ಣನ ಸಂಗಾಟ ನಡಿ,” ಎಂದಳು ಗುತ್ತೆವ್ವ. ಆದರೆ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

“ನಾ ಎಲ್ಲೂ ಹೋಗೂದಿಲ್ಲ. ಹೋದ್ರ ಇದನ್ನ ಓಣಿಗೆ ಹೇಳವ್ರು ಯಾರು?”

ಅತ್ತೆ ಕೈ ತೋರಿಸಿ ಬಂದ ಮನೆಗಳಿಗೆಲ್ಲ ಸೊಸೆ ಅಂದೇ ಹೋಗಿಬಂದಳು. ಮುಂದೆ ಬಂದ ಮದುವೆಯಲ್ಲಿ ಹಗೇವಿನ ಕತೆಯನ್ನು ದ್ರಾಕ್ಷಾಯಿಣಿಯೇ ಹೇಳಿದಳು. ಗುತ್ತೆವ್ವ ಪಕ್ಕದಲ್ಲೇ ಕುಳಿತು ಅದನ್ನು ಕೊನೆಯವರೆಗೂ ಕೇಳಬೇಕಾಯಿತು.