ಸೊಂಟದ ಸುತ್ತಳತೆಯ ಕರಿದಾರ

ಗಡಿಯಾಚೆ ಮರಾಠಿ ಸೀಮೆಯ ನಿಲಂಗಾಕ್ಕೆ ಬಂದ ನಾಲ್ಕನೆಯ ತಿಂಗಳಲ್ಲಿ, ನನ್ನ ಮೇಲೆ ಯಾರೋ ಭಾನಾಮತಿ ಮಾಡಿಸಿದ್ದಾರೆಂಬ ಸುದ್ದಿ ನಮ್ಮ ಮನೆಯ ಅಂಗಳದಲ್ಲೇ ಹುಟ್ಟಿತು. ಭಾನಾಮತಿ ಎಂದರೆ ಮಾಟ. ದಾವಣಗೆರೆಯವಳಾದ ನನಗೆ ಆ ಹೆಸರೇ ಹೊಸದು. ಮಾಡಿದವಳು ಮಾತ್ರ ನಾನೇ.

ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ, ಅವರು ಹುಟ್ಟಿದ ಮನೆಗೇ ಬಂದು ನೆಲೆಸಿದ್ದೆವು. ಹೊರಡುವ ಮೊದಲು ಡಾಕ್ಟರು ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಸೊಂಟ ಇಳಿಸಿ ಎಂದಿದ್ದರು. ಅದೇ ಕಾಯಿಲೆ ಅಪ್ಪನ ಕಣ್ಣು ಕಿತ್ತುಕೊಂಡದ್ದನ್ನು ನೋಡಿದ್ದ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಹಾಗಾಗಿ ದಿನವೂ ಕಾಸಾರಶಿರಸಿ ರಸ್ತೆಯಲ್ಲಿ ನಡೆಯುತ್ತಿದ್ದೆ. ದಾವಣಗೆರೆಯ ಪಾರ್ಕಿನಲ್ಲಿ ಹೆಂಗಸರು ಬಿರಬಿರನೆ ಸುತ್ತು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬರಿಗೈಯಲ್ಲಿ ನಡೆದರೆ, ಬಸ್ಸು ತಪ್ಪಿತೇನು ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ವಿಚಾರಿಸುತ್ತಾರೆ.

ಔಷಧಿ ಅಂಗಡಿಯ ತೂಕದ ಯಂತ್ರಕ್ಕೆ ಮಾತ್ರ ನನ್ನ ಬೆವರಿನ ಮೇಲೆ ಕನಿಕರವಿರಲಿಲ್ಲ. ಮುಳ್ಳು ನಿಂತಲ್ಲೇ ನಿಂತಿತ್ತು. ಊರಿನ ಯೋಗದ ಗೆಳತಿಗೆ ಫೋನಿನಲ್ಲಿ ಅತ್ತಾಗ, ತೂಕ ಬಿಡು, ಸುತ್ತಳತೆ ನೋಡು ಎಂದಳು. ಟೇಪು ಇರಲಿಲ್ಲ. ಹೊಲಿಗೆ ಡಬ್ಬಿಯ ಕರಿದಾರವನ್ನೇ ಸೊಂಟಕ್ಕೆ ಸುತ್ತಿ ಕತ್ತರಿಸಿದೆ. ತಿಂಗಳಿಗೊಂದು ದಾರ. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಎಲ್ಲವನ್ನೂ ಗಾದಿಯ ಕೆಳಗೆ ಇಟ್ಟಿದ್ದೆ.

ಗಾದಿ ಬಿಸಿಲಿಗೆ ಹಾಕುವಾಗ ಅವು ಅತ್ತೆಗೆ ಸಿಕ್ಕವು. ಕೈಯಿಂದ ಮುಟ್ಟದೆ ಚಿಮಟದಲ್ಲಿ ಹಿಡಿದು ಅಂಗಳಕ್ಕೆ ತಂದರು. ಉಪ್ಪು, ಮೆಣಸಿನಕಾಯಿ ಹಾಕಿ ಸುಡುವುದೆಂದು ಹೊರಟರು. ಸಂಜೆಯೇ ವಲಾಂಡಿ ಊರಿನ ಮಾಂತ್ರಿಕನ ಹತ್ತಿರ ಹೋಗಬೇಕು, ನಡಿಗೆ ಇವತ್ತಿಗೆ ಬಂದ್ ಎಂದರು. ಗಾಬರಿಯಲ್ಲಿ, ಅವು ನನ್ನವು, ನಾನೇ ಗಂಟು ಹಾಕಿದ್ದು ಎಂದುಬಿಟ್ಟೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಯಾರ ಮ್ಯಾಲ ಮಾಡಿದಿ ಸುನಬಾಯಿ?"

ಸುನಬಾಯಿ ಎಂದರೆ ಮರಾಠಿಯಲ್ಲಿ ಸೊಸೆಯನ್ನು ಅಕ್ಕರೆಯಿಂದ ಕರೆಯುವ ಮಾತು. ಆ ಹೊತ್ತಿನಲ್ಲೂ ಅವರು ಅದನ್ನು ಬಿಡಲಿಲ್ಲವೆಂಬುದೇ ನನಗೆ ಧೈರ್ಯ ಕೊಟ್ಟಿತು. ಮೊದಲ ದಾರ ಎತ್ತಿ ಅವರೆದುರೇ ಸೊಂಟಕ್ಕೆ ಸುತ್ತಿದೆ. ಒಂದು ತುದಿ ಇನ್ನೊಂದನ್ನು ದಾಟಿ ನಾಲ್ಕು ಬೆರಳು ಮುಂದೆ ಬಂತು; ಸೊಂಟ ಅಷ್ಟು ಇಳಿದಿತ್ತು. ಅಪ್ಪನ ಕಣ್ಣಿನ ಕತೆಯನ್ನೂ ಹೇಳಿದೆ. ಅತ್ತೆ ಹತ್ತಿರ ಬಂದು ಆ ನಾಲ್ಕು ಬೆರಳನ್ನು ತಾವೇ ಮುಟ್ಟಿ ನೋಡಿದರು. ಅವರ ಚಿಂತೆ ಬೇರೆಯೇ ಇತ್ತು.

"ನೀ ಹಿಂಗ ಸಣ್ಣಾಗಿ ಹೋದ್ರ, ಅತ್ತಿ ಉಣ್ಣಾಕ ಹಾಕಂಗಿಲ್ಲ ಅಂತಾಳ ನಿಮ್ಮವ್ವ. ನಾ ಏನ್ ಹೇಳ್ಲಿ?"

ಅಂದಿನಿಂದ ನಡಿಗೆ ನಿಲ್ಲಲಿಲ್ಲ. ಭಾಕರಿಗೆ, ಅಂದರೆ ನಮ್ಮ ಜೋಳದ ರೊಟ್ಟಿಗೆ, ತುಪ್ಪ ಸುರಿಯುವುದನ್ನು ಅತ್ತೆ ಕಷ್ಟಪಟ್ಟು ಕಡಿಮೆ ಮಾಡಿದರು.

ದೀಪಾವಳಿಗೆ ದಾವಣಗೆರೆಗೆ ಹೋದಾಗ ಅಮ್ಮ ನನ್ನ ರಟ್ಟೆ ಹಿಡಿದು ನೋಡಿ ಕಣ್ಣೀರು ಹಾಕಿದಳು. ಆ ಮನೆಯವರು ಹೊಟ್ಟೆಗೇ ಹಾಕುವುದಿಲ್ಲವೇನೋ ಎಂದು ಶುರುಮಾಡಿದಳು. ಡಾಕ್ಟರು ಹೇಳಿದ್ದನ್ನು ನೆನಪಿಸುವುದು ಬಿಟ್ಟು ನಾನು ಸಿಡುಕಿದೆ.

"ನಮ್ಮ ಮನ್ಯಾಗ ಉಣ್ಣಾಕ ಏನೂ ಕಡಿಮಿ ಇಲ್ಲ."

ಅಮ್ಮ ಸೌಟು ಹಿಡಿದು ನಿಂತಳು.

"ಹಾಗಾದ್ರೆ ಇದು ಯಾರ ಮನೆಯೇ?"

ಇನ್ನೊಂದು ದೋಸೆ ಹಾಕೆಂದು ತಟ್ಟೆ ಮುಂದೆ ಹಿಡಿದೆ.