ಬಾಯಿ ಕಟ್ಟಿದ ಚಂಚಿ

ಹಳೆಯ ನಿಲುವಂಗಿ ಹುಡುಕುತ್ತಿದ್ದಾಗ ಪೆಟ್ಟಿಗೆಯ ತಳದಲ್ಲಿ ಆ ಚಂಚಿ ಕೈಗೆ ಸಿಕ್ಕಿತು. ಎಲೆ, ಅಡಿಕೆ, ತಂಬಾಕು ಇಟ್ಟುಕೊಳ್ಳುವ ಬಟ್ಟೆಯ ಚೀಲ, ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುವಂಥದು. ಮೂಗಿಗೆ ಹಿಡಿದೆ. ಮೂವತ್ತು ವರ್ಷವಾದರೂ ಘಾಟು ಹೋಗಿಲ್ಲ... ಸೀನು ಬಂತು, ಅದರ ಹಿಂದೆಯೇ ದೊಡ್ಡವ್ವನೂ ಬಂದಳು.

ಅವಳು ನನಗೆ ಬಂಧುವಲ್ಲ. ಆದವಾನಿಯ ಹತ್ತಿ ಮಿಲ್ಲಿನಲ್ಲಿ ಕಸ ಆರಿಸುವ ಹೆಂಗಸು, ಕೇರಿಗೆಲ್ಲ ದೊಡ್ಡವ್ವ. ನಲವತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿನ ಸಣ್ಣ ಸಭೆಗೆ ಹೊಸದಾಗಿ ಬಂದ ಪಾದ್ರಿ. ಮೀಸೆ ಬಲಿತಿತ್ತು, ಬುದ್ಧಿ ಬಲಿತಿರಲಿಲ್ಲ. ಅವಳು ದೀಕ್ಷಾಸ್ನಾನ ಕೇಳಿಕೊಂಡು ಬಂದಾಗ, ಮೊದಲು ಮೂರು ತಿಂಗಳು ತಂಬಾಕು ಬಿಟ್ಟು ತೋರಿಸು ಎಂದೆ. ಹತ್ತಿಯ ಧೂಳಿನಲ್ಲಿ ಬೆಳಗಿನಿಂದ ಸಂಜೆತನಕ ಗಂಟಲು ಒಣಗಿಸಿಕೊಂಡು ಕೂಡುವವಳಿಗೆ ಅದು ಎಂಥ ಮಾತು ಎಂದು ಯೋಚಿಸಲೂ ಇಲ್ಲ.

ಅವಳಿಗೆ ಓದು ಬರುತ್ತಿರಲಿಲ್ಲ. ದಾನಿಯೇಲನನ್ನು ಸಿಂಹಗಳ ಗವಿಗೆ ಹಾಕಿದ್ದು, ದೇವರು ಅವುಗಳ ಬಾಯಿ ಕಟ್ಟಿದ್ದು, ಇದಿಷ್ಟನ್ನು ನನ್ನಿಂದ ಕೇಳಿ ಗಟ್ಟಿಯಾಗಿ ಹಿಡಿದುಕೊಂಡಳು. "ಸಿಂಹದ ಬಾಯಿ ಕಟ್ಟಿದಾತ ಈ ಮುದುಕಿ ಬಾಯಿ ಕಟ್ಟಲಾರನೇನ್ರಿ, ಅಯ್ಯಗಾರ್ರ?" ಚಪಲ ಎದ್ದಾಗಲೆಲ್ಲ "ದಾನಿಯೇಲಪ್ಪ, ದಾನಿಯೇಲಪ್ಪ" ಎಂದು ಗೊಣಗುತ್ತಿದ್ದಳು. ಕರೆಯಬೇಕಾದ್ದು ದೇವರನ್ನು ಎಂದು ತಿದ್ದಿದೆ.

"ಆತನ್ನೂ ಕರೀತೀನ್ರಿ. ಆದ್ರ ಈತ ಗವಿಯೊಳಗ ಇದ್ದು ಬಂದಾನ. ಈತಗ ಗೊತ್ತೈತಿ."

ದೀಕ್ಷೆಯ ಭಾನುವಾರ ಬಂತು. ಅಲ್ಲಿ ಆರಾಧನೆ ತೆಲುಗಿನಲ್ಲಿ; ನಾನು ಬೈಬಲಿನ ಹನ್ನಳ ಕಥೆ ಹೇಳುತ್ತಿದ್ದೆ. ಹನ್ನ ಗುಡಿಯಲ್ಲಿ ದನಿಯಿಲ್ಲದೆ ತುಟಿಯಾಡಿಸಿ ಪ್ರಾರ್ಥಿಸುತ್ತಿದ್ದುದನ್ನು ಕಂಡು, ಮುದಿ ಯಾಜಕ ಏಲಿ ಕುಡಿದು ಬಂದಿದ್ದಾಳೆ ಎಂದು ಗದರಿದ್ದ. ಆ ಏಲಿಯನ್ನು ಚೆನ್ನಾಗಿಯೇ ಗೇಲಿ ಮಾಡಿದೆ. ಆಗಲೇ ಎರಡನೇ ಸಾಲಿನಲ್ಲಿ ದೊಡ್ಡವ್ವನ ದವಡೆ ಆಡುತ್ತಿರುವುದು ಕಂಡಿತು. ಇವತ್ತೂ ಜಗಿಯುತ್ತಿದ್ದಾಳೆ! ಕಣ್ಣು ಕೆಂಪಾಯಿತು, ತೆಲುಗು ಮರೆತುಹೋಯಿತು.

"ಬಾಯಾಗೇನೈತಿ? ಹೊರಗ ಹೋಗಿ ಉಗುಳಿ ಬಾ!"

ಅವಳು ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಬಾಯಿ ತೆರೆದಳು. ಕರೆಗಟ್ಟಿದ ನಾಲ್ಕು ಹಲ್ಲು, ಒಂದು ನಾಲಿಗೆ.

"ಏನಿಲ್ರಿ. ದಾನಿಯೇಲಪ್ಪ ಒಬ್ಬಾತ ಅದಾನ."

ಯಾರೋ ನಕ್ಕರು. ಅವಳು ಸೆರಗು ಹೊದ್ದು ಹೊರಗೆ ಹೋದಳು. ನಾನು ತಡೆಯಲಿಲ್ಲ. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ಪ್ರಸಂಗ ಮುಂದುವರಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು. ಏಲಿಯಾದರೂ ತಪ್ಪು ತಿಳಿದ ಕೂಡಲೇ ಹನ್ನಳನ್ನು ಹರಸಿ ಕಳಿಸಿದ್ದ. ಅಷ್ಟು ದಿನ ಮೋಶೆ, ಪೌಲರಂಥ ದೊಡ್ಡವರನ್ನೇ ನೆನೆದು ಧೈರ್ಯ ತಂದುಕೊಳ್ಳುತ್ತಿದ್ದ ನಾನು ಅವತ್ತು ಏಲಿಯನ್ನು ನೆನೆದು ಮಿಲ್ಲಿನ ಕೇರಿಗೆ ನಡೆದೆ.

ಅವಳು ಕಟ್ಟೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಚಂಚಿ, ಅದರ ಬಾಯಿ ತೆರೆದಿತ್ತು. ಅಂಗೈಯಲ್ಲಿ ಚಿಟಿಕೆ ತಂಬಾಕು.

"ತಪ್ಪಾತು, ದೊಡ್ಡವ್ವ" ಎಂದೆ.

ಅವಳು ಅಂಗೈ ಕೊಡವಿ ನಕ್ಕಳು. "ನೀವು ಒಂದ್ ಸಲ ತಪ್ಪಿದ್ರಿ. ಈ ಮೂರು ತಿಂಗ್ಳಾಗ ನಾ ಎರಡ್ ಸಲ ಬಾಯಾಗ ಹಾಕ್ಕೊಂಡೀನಿ, ನಿಮಗ ಗೊತ್ತಿಲ್ಲ."

ನಿಯಮದ ಪ್ರಕಾರ ಮತ್ತೆ ಮೂರು ತಿಂಗಳು ಎನ್ನಬೇಕಿತ್ತು. "ಸಂಜಿಗೆ ಬಾ, ದೀಕ್ಷಾ ಕೊಡ್ತೀನಿ" ಎಂದೆ. ಅವಳು ದಾರ ಎಳೆದು ಚಂಚಿಯನ್ನು ನನ್ನ ಕೈಗಿಟ್ಟಳು.

"ನಿಮ್ಮ ಹತ್ರ ಇರ್ಲಿ. ನಾ ಗೆದ್ದ ದಿನ ಬಂದು ಇಸ್ಕೊಂತೀನಿ."

ಪ್ರತಿ ವರ್ಷ ಈಸ್ಟರಿಗೆ ಕೇಳುತ್ತಿದ್ದೆ, "ಗೆದ್ದೆಲ್ಲವ್ವ, ತೊಗೊ." ಅವಳದು ಒಂದೇ ಉತ್ತರ: "ಇನ್ನಾ ಬ್ಯಾಡ್ರಿ. ಸಿಂಹ ಮಲಗೈತಿ ಅಷ್ಟ, ಸತ್ತಿಲ್ಲ." ನನಗೆ ವರ್ಗವಾದಾಗಲೂ ಇದೇ ಮಾತು. ಚಂಚಿ ನನ್ನ ಜೊತೆ ಊರೂರು ತಿರುಗಿತು. ಪೀಠದ ಮೇಲೆ ಯಾರನ್ನಾದರೂ ಗದರಬೇಕೆನಿಸಿದಾಗ ನಿಲುವಂಗಿಯೊಳಗೆ ಅದನ್ನು ಮುಟ್ಟಿಕೊಳ್ಳುತ್ತಿದ್ದೆ. ಎಷ್ಟೋ ಸಲ ಬಾಯಿ ಕಟ್ಟಿತು, ಕೆಲವು ಸಲ ಕಟ್ಟಲಿಲ್ಲ...

ಕೆಲವು ವರ್ಷಗಳ ಹಿಂದೆ, ದೊಡ್ಡವ್ವ ತೀರಿಕೊಂಡಳೆಂದು ಆದವಾನಿ ಸಭೆಯ ಹಿರಿಯರೊಬ್ಬರು ಕಾಗದ ಬರೆದಿದ್ದರು. ಕಡೆಯ ದಿನ ನೋವು ತಡೆಯಲಾರದೆ ಒದ್ದಾಡುತ್ತಿದ್ದಳಂತೆ. ನೆರೆಯವಳು ಕನಿಕರದಿಂದ ಚಿಟಿಕೆ ತಂಬಾಕು ಬಾಯಿಗೆ ಹಿಡಿದರೆ, ತುಟಿ ಬಿಗಿದು ತಲೆಯಾಡಿಸಿದಳಂತೆ.

ದಾರ ಎಳೆದು ಚಂಚಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ನೀ ಗೆದ್ದಿ ದೊಡ್ಡವ್ವ, ಬಂದು ಇಸ್ಕೋ... ಎನ್ನಬೇಕೆನಿಸಿತು. ಇಸಿದುಕೊಳ್ಳಲು ಅವಳಿಲ್ಲ.