ಬಂಡೆಹೂವಿನ ದುಂಬಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ನೆತ್ತಿಯ ಕಡಿದಾದ ಬಂಡೆಯ ಅಂಚಿನಲ್ಲಿ ಐವತ್ತೆಂಟರ ಹೆಂಗಸೊಬ್ಬರು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದಾರೆ. ಹಗ್ಗದ ಇನ್ನೊಂದು ತುದಿ ಕುಳ್ಳ ಮರವೊಂದಕ್ಕೆ ಒಂದು ಸುತ್ತು ಬಂದು ಅವರ ನಾದಿನಿಯ ಕೈಯಲ್ಲಿದೆ. ಅತ್ತಿಗೆ ನಾದಿನಿಯರ ಹಗ್ಗಜಗ್ಗಾಟ ಯಾವ ಮನೆಯಲ್ಲಿಲ್ಲ? ಇಲ್ಲಿ ಮಾತ್ರ ನಾದಿನಿ ಹಗ್ಗ ಬಿಟ್ಟರೆ ಅತ್ತಿಗೆ ಕೈಗೆ ಸಿಗುವುದಿಲ್ಲ.

"ನಿನ್ನೆ ಜಗಳ ಆಡಿದ್ದನ್ನ ಈಗ ನೆನಪು ಮಾಡ್ಕೋಬೇಡ ಕಣೇ," ಎನ್ನುತ್ತಾರೆ ಇವರು.

"ಸುಮ್ನೆ ಇಳೀರಿ ಅತ್ತಿಗೆ. ನೀವಿಲ್ದೆ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದು ನಾದಿನಿ ಹಗ್ಗ ಸಡಿಲಿಸುತ್ತಾರೆ.

ಸಸ್ಯತೋಟದ ಕಚೇರಿಯವರು ಇವರಿಗೆ ಇಟ್ಟ ಹೆಸರು ದುಂಬಿಯಮ್ಮ. ಹೆಸರು ತಮಾಷೆಯದಾದರೂ ಕೆಲಸ ತಮಾಷೆಯದಲ್ಲ. ಈ ಬೆಟ್ಟದ ನೆತ್ತಿಯನ್ನು ಬಿಟ್ಟು ಬೇರೆಲ್ಲೂ ಕಾಣದ ಬಂಡೆಹೂವಿನಲ್ಲಿ, ಪಪ್ಪಾಯಿಯಲ್ಲಿರುವಂತೆ, ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಗಂಡಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸುತ್ತಿದ್ದದ್ದು ಒಂದು ಕಪ್ಪು ದುಂಬಿ. ಅದು ಯಾಕೋ ಏನೋ ಕಣ್ಮರೆಯಾಗಿ ವರ್ಷಗಳೇ ಉರುಳಿವೆ. ಅಂದಿನಿಂದ ಕಚೇರಿ ಆ ಕೆಲಸವನ್ನು ದಿನಗೂಲಿಯ ಮೇಲೆ ಮನುಷ್ಯರಿಗೆ ವಹಿಸಿದೆ.

ಮೊದಲು ಬಂಡೆ ಇಳಿಯುತ್ತಿದ್ದವರು ಇವರ ಯಜಮಾನರು. ಮಂಡಿ ಕೈಕೊಟ್ಟ ಮೇಲೆ ಅವರು ಮನೆಯಲ್ಲಿ ಕುಳಿತು ಪರಾಗ ಹಚ್ಚುವ ಕುಂಚ ಕಟ್ಟುತ್ತಾರೆ. ಅದಕ್ಕೆ ಬೇಕಾದ ನವಿರಾದ ಕೂದಲು ಮನೆಯ ಬೆಕ್ಕಿನದು. ಪಾಪ, ಅದು ಕತ್ತರಿ ಕಂಡರೆ ಅಟ್ಟ ಹತ್ತಿ ಕೂರುತ್ತದೆ. ಹೂವಿನ ಕಾಲ ವರ್ಷಕ್ಕೆ ಹದಿನೈದು ದಿನವೂ ಇಲ್ಲ. ಅರಳಿದ ಹೂವಿನ ಪರಾಗ ಬಿಸಿಲೇರಿದರೆ ಗಾಳಿಪಾಲು. ಉಳಿದ ತಿಂಗಳುಗಳಲ್ಲಿ ಕಳೆ ಕೀಳುವುದು, ಮೇಕೆ ಅಟ್ಟುವುದು, ಬೆಟ್ಟ ನೋಡಲು ಬಂದವರು ಎಸೆದ ಬಾಟಲಿ ಆಯುವುದು ಇದ್ದೇ ಇರುತ್ತದೆ. ಹತ್ತಿ ಇಳಿದು ಇವರ ಹಿಮ್ಮಡಿ ಬಿರುಕುಬಿಟ್ಟಿದೆ, ಹಗ್ಗ ಉಜ್ಜಿದ ಕಡೆ ಸೊಂಟದ ಚರ್ಮ ಕಪ್ಪಾಗಿದೆ.

ಇದ್ಯಾವುದರ ಬಗ್ಗೆಯೂ ಅವರ ದೂರಿಲ್ಲ. ಅವರನ್ನು ಒಳಗೊಳಗೇ ತಿನ್ನುತ್ತಿರುವುದು ಬೇರೊಂದು. ಮೂರು ವರ್ಷದ ಹಿಂದೆ, ಕುಂಚ ಇವರ ಕೈಗೆ ಬಂದ ಮೊದಲ ಸಲ, ಬೆಟ್ಟದಲ್ಲಿ ಎರಡು ಗಂಡು ಗಿಡಗಳಿದ್ದವು. ಎರಡೂ ಮೈತುಂಬ ಹೂ ಬಿಟ್ಟಿದ್ದವು. ಆ ವರ್ಷ ಹಲ್ಲು ಕಟಕಟಿಸುವ ಚಳಿ. ಪರಾಗ ಚಳಿಗೆ ಸತ್ತೀತೆಂದು ಹೆದರಿ ಇವರು ಅದನ್ನು ತುಂಬಿದ ಡಬ್ಬಿಯನ್ನು ಕುಪ್ಪಸದೊಳಗೆ ಎದೆಗೊತ್ತಿ ಇಟ್ಟುಕೊಂಡರು. ಏರುದಾರಿಯ ಬೆವರಿಗೆ, ಮೈಯ ಬಿಸಿಗೆ ಪರಾಗವೆಲ್ಲ ಕೆಟ್ಟಿತು. ಕೆಟ್ಟದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಹೂವಿನ ಕಾಲ ಮುಗಿಯುವವರೆಗೂ ಹಾಗೆಯೇ ಹೊತ್ತರು, ಹಚ್ಚಿದರು. ಒಂದೇ ಒಂದು ಕಾಯಿ ಕಟ್ಟಲಿಲ್ಲ.

"ಕೂಸಿಗೆ ಬೆಚ್ಚಗಿರ್ಬೇಕು ಅಂತ ಗೊತ್ತಿತ್ತು. ಇದಕ್ಕೆ ತಣ್ಣಗೆ ಒಣಗಿರ್ಬೇಕು ಅಂತ ಗೊತ್ತಿರ್ಲಿಲ್ಲ," ಎನ್ನುತ್ತಾರೆ. "ಮುದ್ದು ಮಾಡಿ ಕೊಂದೆ."

ಯಜಮಾನರು ಡಬ್ಬಿಯನ್ನು ಯಾವಾಗಲೂ ಬೆನ್ನ ಮೇಲಿನ ಚೀಲಕ್ಕೆ ಹೊರಗಿನಿಂದ ಕಟ್ಟುತ್ತಿದ್ದರಂತೆ. "ಅದನ್ನೂ ಹೇಳಿಕೊಡಬೇಕು ಅಂತ ನಂಗೆ ಹೊಳೀಲೇ ಇಲ್ಲ," ಎಂದು ಅವರು ಮುಖ ತಿರುಗಿಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಬಂಡೆ ಕುಸಿದು ಒಂದು ಗಂಡು ಗಿಡ ಕಂದಕ ಸೇರಿತು. ಉಳಿದದ್ದು ಎರಡು ವರ್ಷ ಹೂವೇ ಬಿಡಲಿಲ್ಲ. ಕೆಳಗಿನ ತೋಟದಲ್ಲಿ ಅದರ ಕಡ್ಡಿ ನೆಟ್ಟು ನೋಡಿದ್ದೂ ಆಯಿತು, ಒಂದೂ ಬೇರು ಬಿಡಲಿಲ್ಲ.

ಈ ವರ್ಷ ಅದೇ ಗಿಡ ಒಂದು ತೆನೆ ಎತ್ತಿದೆ. ಇಂದು ಅರಳಿರುವುದು ಮೂರು ಹೂ. ಮಿಕ್ಕ ಮೊಗ್ಗುಗಳು ಆಗಲೇ ಕಂದಿವೆ. ಹಗ್ಗದಲ್ಲಿ ಜೋತುಬಿದ್ದು, ಉಸಿರು ಬಿಗಿಹಿಡಿದು, ದುಂಬಿಯಮ್ಮ ಕುಂಚ ಆಡಿಸುತ್ತಾರೆ. ಸಿಕ್ಕಿದ್ದು ಉಗುರಿನ ಮೇಲೆ ಹಿಡಿಸುವಷ್ಟು ಹಳದಿ ಪುಡಿ. ತೇವ ಹೀರಲೆಂದು ಹುರಿದ ಅಕ್ಕಿ ಹಾಕಿದ ಡಬ್ಬಿಯಲ್ಲಿ ಅದನ್ನು ಇಟ್ಟು, ಡಬ್ಬಿಯನ್ನು ಕೋಲಿನ ತುದಿಗೆ ನೇತುಹಾಕಿ ಮೈಯಿಂದ ದೂರ ಹಿಡಿದು ನಡೆಯುತ್ತಾರೆ.

ಹೆಣ್ಣು ಗಿಡಗಳಿರುವ ಆಚೆ ಬಂಡೆ ಹೂವಿನಿಂದ ಬೆಳ್ಳಗಾಗಿದೆ. ಪರಾಗ ಸಾಲುವುದು ಹೆಚ್ಚೆಂದರೆ ನಾಲ್ಕು ಹೂವಿಗೆ.

"ದೊಡ್ಡ ಗಿಡಕ್ಕೇ ಹಚ್ಚಿ ಅತ್ತಿಗೆ. ಹಿಂದೆ ಕಾಯಿ ಕಟ್ಟಿರೋದು, ನಂಬಬಹುದು," ಎಂದು ನಾದಿನಿ ಮೇಲಿನಿಂದ ಕೂಗುತ್ತಾರೆ.

"ಅದರ ಬೇರು ಅರ್ಧ ಹೊರಗೆ ಬಂದಿದೆ ಕಣೇ. ಕಾಯಿ ಬಲಿಯೋವರ್ಗೂ ತಡೆಯಲ್ಲ, ಪಾಪ," ಎಂದು ಇವರು ಪಕ್ಕದ ಎಳೆ ಗಿಡದ ನಾಲ್ಕು ಹೂವಿಗೆ ಕುಂಚ ಮುಟ್ಟಿಸಿ, ಪ್ರತಿ ತೊಟ್ಟಿಗೂ ಕೆಂಪು ದಾರ ಕಟ್ಟುತ್ತಾರೆ. ಮಿಕ್ಕ ಹೂಗಳತ್ತ ಅವರು ತಿರುಗಿ ನೋಡುವುದಿಲ್ಲ.

ಎರಡು ತಿಂಗಳ ನಂತರ ಅವರ ಮನೆಗೆ ಹೋದರೆ ಅಡುಗೆಮನೆಯ ಒಲೆ ಆರಿದೆ. ಅಕಾಲದ ಮಳೆ ಒಂದು ವಾರ ಬಿಡದೆ ಹೊಡೆದು ಕೊನೆಯ ಗಂಡು ಗಿಡದ ಬೇರು ಕೊಳೆತುಹೋಗಿದೆ. ದುಂಬಿಯಮ್ಮ ದಿನವೂ ಇಳಿದು ಅದರ ಬುಡಕ್ಕೆ ಒಣ ಮಣ್ಣು ಹಾಕಿ ಬಂದರಂತೆ. ಗಿಡ ಕೈಗೆ ಕಿತ್ತು ಬಂದ ದಿನ ಅದನ್ನು ಅಲ್ಲಿಯೇ ಬಿಟ್ಟು ಬರಲು ಮನಸ್ಸಾಗದೆ ಮನೆಗೆ ತಂದಿದ್ದಾರೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಆ ಒಣಕಡ್ಡಿ ಕಿಟಕಿಯ ಮೇಲಿದೆ.

ದಾರ ಕಟ್ಟಿದ ನಾಲ್ಕು ಹೂಗಳಲ್ಲಿ ಮೂರು ಉದುರಿದವು. ಒಂದು ಕಾಯಾಯಿತು. ಒಳಗೆ ಗಸಗಸೆಯಂಥ ಒಂದು ಚಿಟಿಕೆ ಬೀಜ. ಅರ್ಧವನ್ನು ಕಚೇರಿಯವರು ತಣ್ಣನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇನ್ನರ್ಧವನ್ನು ದುಂಬಿಯಮ್ಮ ಬಂಡೆಯ ಬಿರುಕುಗಳಿಗೆ ಬೆರಳಿನಿಂದ ಒತ್ತಿ ಬಂದಿದ್ದಾರೆ. ಮೊಳೆತರೂ ಹೂ ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೇಳಬಲ್ಲವರು ಯಾರೂ ಇಲ್ಲ. ಅಷ್ಟೂ ಹೆಣ್ಣೇ ಆದರೆ ಬಂಡೆಹೂವಿನ ಕಥೆ ಅಲ್ಲಿಗೆ ಮುಗಿದಂತೆ.

ನಿಮಗೇನು ಆಸೆ ಎಂದು ಕೇಳಿದರೆ ದುಂಬಿಯಮ್ಮ ನಾದಿನಿಯ ಕಡೆ ಒಮ್ಮೆ ನೋಡುತ್ತಾರೆ.

"ನಾನು ಹೆತ್ತಿದ್ದು ಮೂರು, ಮೂರೂ ಹೆಣ್ಣು. ಇವಳಮ್ಮ, ನಮ್ಮತ್ತೆ, ಸಾಯೋವರ್ಗೂ ಗಂಡು ಗಂಡು ಅಂತ ನನ್ನ ಪ್ರಾಣ ತಿಂದ್ರು. ನಂದೂ ಹಟ. ಗಂಡು ಕೊಡಪ್ಪಾ ಅಂತ ಒಂದು ದಿನಾನೂ ದೇವರ ಮುಂದೆ ಕೈ ಒಡ್ಡಲಿಲ್ಲ."

ನಾದಿನಿ ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದಾರೆ.

"ಈಗ ಈ ವಯಸ್ಸಲ್ಲಿ ದಿನಾ ಕೇಳ್ತಿದೀನಿ. ಅದರಲ್ಲಿ ಒಂದೇ ಒಂದು ಗಂಡಾಗ್ಲಿ. ನೋಡೋಕೆ ನಾನಿಲ್ದಿದ್ರೂ ಪರವಾಗಿಲ್ಲ."